ಮೊದಲು ನೆಲ ನೋಡಿ, ಆಮೇಲೆ ಟ್ರಕ್

ಆರ್‌ಸಿ ಟ್ರಕ್, ಅಂದರೆ ರಿಮೋಟಿನಿಂದ ಓಡಿಸುವ ಮಾದರಿ ಟ್ರಕ್, ಕೊಳ್ಳಲು ಹೊರಟವರು ಮೊದಲು ಕೇಳುವುದು ಒಂದೇ ಪ್ರಶ್ನೆ. ಎಷ್ಟು ಸ್ಪೀಡ್ ಹೋಗುತ್ತದೆ? ನನ್ನ ಮಟ್ಟಿಗೆ ಅದು ಕೊನೆಗೆ ಕೇಳಬೇಕಾದದ್ದು. ಮೊದಲು ಕೇಳಬೇಕಾದದ್ದು ಎಲ್ಲಿ ಓಡಿಸುತ್ತೀರಿ ಅಂತ. ಅದಕ್ಕೆ ಎಲ್ಲರೂ "ಎಲ್ಲ ಕಡೆ" ಅನ್ನುತ್ತಾರೆ. ಸ್ವಲ್ಪ ಕೆದಕಿ ನೋಡಿದರೆ ಆ "ಎಲ್ಲ ಕಡೆ"ಯಲ್ಲಿ ಮನೆ ಮುಂದಿನ ಡಾಂಬರು ರಸ್ತೆ ಇರುತ್ತದೆ, ಹತ್ತಿರದ ಮೈದಾನದ ಹುಲ್ಲು ಇರುತ್ತದೆ, ಎಲ್ಲೋ ಒಂದು ಜಲ್ಲಿ ರಾಶಿ, ಯಾವಾಗಲೋ ಒಮ್ಮೆ ಸಿಗುವ ಮರಳು, ಇಷ್ಟೇ. ಇದರಲ್ಲಿ ಯಾವುದು ದಿನಾ ಸಿಗುವ ನೆಲ, ಯಾವುದು ಅಪರೂಪ ಅಂತ ಪ್ರಾಮಾಣಿಕವಾಗಿ ಲೆಕ್ಕ ಹಾಕಿದರೆ ಅರ್ಧ ಆಯ್ಕೆ ಮುಗಿದಂತೆ. ಹೊಸಬರು ಇದೊಂದನ್ನು ಬಿಟ್ಟು ಉಳಿದದ್ದೆಲ್ಲ ಓದಿರುತ್ತಾರೆ.

ಆಟಿಕೆ ಯಾವುದು, ಹಾಬಿ ಗ್ರೇಡ್ ಯಾವುದು ಅನ್ನುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ಆಕ್ಸಿಯಲ್ ಕಂಪನಿಯ ಎಸ್‌ಸಿಎಕ್ಸ್24 ಅಂಗೈ ಮೇಲೆ ಕೂರುವಷ್ಟು ಚಿಕ್ಕದು, 1/24 ಸ್ಕೇಲ್, ಅಂದರೆ ನಿಜವಾದ ಗಾಡಿಯ ಇಪ್ಪತ್ನಾಲ್ಕನೇ ಒಂದು ಪಾಲಿನ ಅಳತೆ, ಆದರೂ ಅದು ಹಾಬಿ ಗ್ರೇಡ್. ಮಂಡಿ ಎತ್ತರದ ಕೆಲವು ಗಾಡಿಗಳು ಬರೀ ಆಟಿಕೆ. ನೋಡಬೇಕಾದದ್ದು ಎರಡು. ಒಂದು, ಸ್ಟೀರಿಂಗು ಮತ್ತು ಥ್ರಾಟಲ್ ನಿಮ್ಮ ಬೆರಳು ಎಷ್ಟು ಒತ್ತಿತೋ ಅಷ್ಟೇ ಕೆಲಸ ಮಾಡಬೇಕು. ಪೂರ್ತಿ ಎಡ, ಪೂರ್ತಿ ಬಲ ಅಂತ ಮಾತ್ರ ತಿರುಗಿದರೆ ಅದು ಆಟಿಕೆ. ಎರಡು, ಒಡೆದದ್ದನ್ನು ಬಿಚ್ಚಿ ಬದಲಿಸಲು ಆಗಬೇಕು. ಮೋಟಾರ್, ಸರ್ವೋ (ಸ್ಟೀರಿಂಗ್ ತಿರುಗಿಸುವ ಪುಟ್ಟ ಮೋಟಾರ್), ಸ್ಪೀಡ್ ಕಂಟ್ರೋಲರ್, ಚಕ್ರ ಹಿಡಿಯುವ ಸಸ್ಪೆನ್ಷನ್ ತೋಳು, ಗೇರು, ಪ್ರತಿಯೊಂದಕ್ಕೂ ಒಂದು ಪಾರ್ಟ್ ನಂಬರ್ ಇರಬೇಕು. ಅಷ್ಟಿದ್ದರೆ ಸಾಕು.

ಈಗ ನೆಲಕ್ಕೆ ಬರೋಣ. ಕೈಯಲ್ಲಿ ಒಂದು ಟೇಪ್ ಹಿಡಿದು ನೀವು ಓಡಿಸುವ ಜಾಗಕ್ಕೆ ಹೋಗಿ, ಕುಕ್ಕರುಗಾಲಲ್ಲಿ ಕೂತು ನೋಡಿ. ನಿಂತು ನೋಡಿದಾಗ ಸಪಾಟಾಗಿ ಕಾಣುವ ಮೈದಾನ ಆ ಎತ್ತರದಿಂದ ಬೇರೆಯೇ ಥರ ಕಾಣುತ್ತದೆ. 1/10 ಸ್ಕೇಲಿನ ಟ್ರಕ್ಕಿಗೆ 10 ಸೆಂಟಿಮೀಟರ್ ಹುಲ್ಲು ಅಂದರೆ ನಿಜವಾದ ಟ್ರಕ್ಕಿಗೆ ಒಂದು ಮೀಟರ್ ಎತ್ತರದ ಹುಲ್ಲು. 4 ಸೆಂಟಿಮೀಟರ್ ಕಲ್ಲು ಅದರ ಪಾಲಿಗೆ 40 ಸೆಂಟಿಮೀಟರ್ ಬಂಡೆ. ನಾವು ಗಮನಿಸದೆ ದಾಟಿ ಹೋಗುವ ಫುಟ್‌ಪಾತಿನ ಅಂಚು ಅದಕ್ಕೆ ಗೋಡೆ. ಹುಲ್ಲಿನ ಎತ್ತರ, ದೊಡ್ಡ ಕಲ್ಲಿನ ಎತ್ತರ, ಗುಂಡಿಯ ಆಳ, ಈ ಮೂರನ್ನು ಅಳೆದು ಬರೆದಿಟ್ಟುಕೊಳ್ಳಿ. ಆಮೇಲೆ ಯಾವುದೇ ಟ್ರಕ್ಕಿನ ವಿವರ ಓದುವಾಗ ಮೊದಲು ಗ್ರೌಂಡ್ ಕ್ಲಿಯರೆನ್ಸ್ ಮತ್ತು ಚಕ್ರದ ವ್ಯಾಸ ಹುಡುಕಿ, ನಿಮ್ಮ ಅಳತೆ ಪಕ್ಕದಲ್ಲಿಟ್ಟು ನೋಡಿ. ಬಹಳಷ್ಟು ಮಾಡೆಲ್‌ಗಳು ಅಲ್ಲೇ ಪಟ್ಟಿಯಿಂದ ಉದುರಿ ಹೋಗುತ್ತವೆ.

ಟ್ರಕ್ಕುಗಳಲ್ಲಿ ಜಾತಿಗಳು ಬಹಳ. ಟ್ರಾಕ್ಸಾಸ್‌ನ ಸ್ಲ್ಯಾಶ್ ಥರದ್ದು ಶಾರ್ಟ್ ಕೋರ್ಸ್ ಟ್ರಕ್. ನೋಡಲು ನಿಜವಾದ ರೇಸ್ ಟ್ರಕ್ಕಿನಂತೆ ಇರುತ್ತದೆ, ಚಕ್ರದ ಮೇಲೆಲ್ಲ ಬಾಡಿ ಮುಚ್ಚಿರುತ್ತದೆ, ಗಟ್ಟಿ ಮಣ್ಣಿನಲ್ಲಿ ಅದರಷ್ಟು ಮಜಾ ಕೊಡುವುದು ಇನ್ನೊಂದಿಲ್ಲ. ಆದರೆ ಅದೇ ಅಗಲವಾದ ಬಾಡಿ ಜಂಪ್ ಹೊಡೆದಾಗ ಕೆಳಗಿನಿಂದ ಗಾಳಿ ತುಂಬಿಕೊಂಡು ಮೂತಿಯನ್ನು ಮೇಲಕ್ಕೆ ಎತ್ತುತ್ತದೆ. ಅದಕ್ಕೇ ಅನೇಕರು ಬಾಡಿಯ ಹಿಂಭಾಗದಲ್ಲಿ ತೂತು ಕೊರೆದು ಗಾಳಿಗೆ ದಾರಿ ಮಾಡಿಕೊಡುತ್ತಾರೆ. ಹುಲ್ಲಿನಲ್ಲಿ ಅದರ ಹೊಟ್ಟೆ ನೆಲಕ್ಕೆ ತಾಗುತ್ತದೆ. ಸ್ಟೇಡಿಯಂ ಟ್ರಕ್ ಇನ್ನೂ ತಗ್ಗು. ಟ್ರಗ್ಗಿ ಅನ್ನುವುದು ಬಗ್ಗಿಯ (ತಗ್ಗಿನ ಆಫ್‌ರೋಡ್ ರೇಸ್ ಗಾಡಿ) ಚಾಸಿಸ್ಸಿಗೆ ಟ್ರಕ್ಕಿನ ದೊಡ್ಡ ಚಕ್ರ ಹಾಕಿದ ತಳಿ. ವೇಗ, ಸ್ಥಿರತೆ ಎರಡೂ ಇವೆ, ಆದರೆ ಓಡಿಸಲು ವಿಶಾಲವಾದ ಜಾಗ ಬೇಕು. ಮಾನ್ಸ್ಟರ್ ಟ್ರಕ್ ಎತ್ತರ ನಿಲ್ಲುತ್ತದೆ, ದೊಡ್ಡ ಚಕ್ರ, ಉದ್ದ ಸಸ್ಪೆನ್ಷನ್. ತಿರುವಿನಲ್ಲಿ ಪಲ್ಟಿ ಹೊಡೆಯುವುದು ಅದರ ಹುಟ್ಟುಗುಣ. ದೊಡ್ಡ ಚಕ್ರದ ಹುಚ್ಚು ಇವತ್ತಿನದಲ್ಲ ಬಿಡಿ. ಟಮಿಯಾ 1987ರಲ್ಲೇ ಕ್ಲಾಡ್ ಬಸ್ಟರ್ ಅಂತ ಒಂದನ್ನು ತಂದಿತ್ತು. ಎರಡು ಮೋಟಾರ್, ನಾಲ್ಕೂ ಚಕ್ರಕ್ಕೆ ಡ್ರೈವ್, ನಾಲ್ಕೂ ಚಕ್ರ ತಿರುಗುವ ಸ್ಟೀರಿಂಗ್. ಅದನ್ನು ಇವತ್ತಿಗೂ ಓಡಿಸುವವರಿದ್ದಾರೆ.

ಇನ್ನು ಕ್ರಾಲರ್. ಇದರ ಲೋಕವೇ ಬೇರೆ. ಸಾಮಾನ್ಯವಾಗಿ ನೀವು ನಡೆಯುವ ವೇಗಕ್ಕಿಂತ ಅಷ್ಟೇನೂ ಜಾಸ್ತಿ ಹೋಗುವುದಿಲ್ಲ, ಆದರೆ ಬೇರೆ ಟ್ರಕ್ಕುಗಳು ಡಿಕ್ಕಿ ಹೊಡೆದು ನಿಲ್ಲುವ ಕಲ್ಲನ್ನು ಇದು ಹತ್ತಿ ಇಳಿಯುತ್ತದೆ. 2017ರಲ್ಲಿ ಬಂದ ಟ್ರಾಕ್ಸಾಸ್ ಟಿಆರ್‌ಎಕ್ಸ್-4 ನೋಡಿ. ಅದರಲ್ಲಿ ಪೋರ್ಟಲ್ ಆಕ್ಸಲ್ ಇದೆ. ಅಂದರೆ ಚಕ್ರದ ಹತ್ತಿರ ಇನ್ನೊಂದು ಜೋಡಿ ಗೇರ್ ಇಟ್ಟು ಆಕ್ಸಲ್ಲನ್ನು ಚಕ್ರದ ನಡುಮಟ್ಟಕ್ಕಿಂತ ಮೇಲಕ್ಕೆ ಎತ್ತಿದ್ದಾರೆ, ಹಾಗಾಗಿ ಕಲ್ಲಿನ ಮೇಲೆ ಡಿಫ್ (ಎಡ ಬಲ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್) ಸಿಕ್ಕಿಕೊಳ್ಳುವುದು ಕಡಿಮೆ. ಮುಂದಿನ, ಹಿಂದಿನ ಡಿಫ್‌ಗಳನ್ನು ರಿಮೋಟಿನಿಂದಲೇ ಲಾಕ್ ಮಾಡಬಹುದು, ಗೇರ್ ಕೂಡ ಎರಡು ಹಂತದ್ದು. ನಿಮ್ಮ ನೆಲದಲ್ಲಿ ಬಂಡೆ, ಮರದ ಬೇರು, ಕಡಿದಾದ ದಿಬ್ಬ ಇವೇ ಜಾಸ್ತಿ ಇದ್ದರೆ ಯೋಚನೆಯನ್ನೇ ಮಾಡಬೇಡಿ, ಕ್ರಾಲರ್ ತಗೊಳ್ಳಿ. ಚಿಕ್ಕ ಜಾಗದಲ್ಲೂ ಗಂಟೆಗಟ್ಟಲೆ ಆಡಬಹುದು, ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ, ಒಡೆಯುವುದೂ ಕಡಿಮೆ. ಹಾಗಂತ ಕ್ರಾಲರ್ ಕೊಂಡು ಬಯಲಲ್ಲಿ ಓಡಿಸಲು ಹೋದರೆ ಅರ್ಧ ಗಂಟೆಗೆ ಆಕಳಿಕೆ ಬರುತ್ತದೆ.

ಮಿಶ್ರ ನೆಲಕ್ಕೆ ಒಂದೇ ಒಂದು ಟ್ರಕ್ ಅಂದರೆ ನನ್ನ ಓಟು 1/10 ಸ್ಕೇಲಿನ ಫೋರ್ ವೀಲ್ ಡ್ರೈವ್ ಮಾನ್ಸ್ಟರ್ ಟ್ರಕ್ಕಿಗೆ. ಆರ್ಮಾ ಗ್ರಾನೈಟ್, ಟ್ರಾಕ್ಸಾಸ್ ಸ್ಟ್ಯಾಂಪೀಡ್ ಇವುಗಳ 4x4 ಮಾಡೆಲ್‌ಗಳು ಈ ಸಾಲಿನವು. ಯಾವ ನೆಲದಲ್ಲೂ ಅದು ನಂಬರ್ ಒನ್ ಅಲ್ಲ. ರಸ್ತೆಯಲ್ಲಿ ತಗ್ಗಿನ ಗಾಡಿಗಳು ಅದನ್ನು ಹಿಂದೆ ಹಾಕುತ್ತವೆ, ಕಲ್ಲಿನಲ್ಲಿ ಕ್ರಾಲರ್ ಗೆಲ್ಲುತ್ತದೆ. ಆದರೆ ಯಾವ ನೆಲದಲ್ಲೂ ಅದು ಕೈಕೊಟ್ಟು ನಿಲ್ಲುವುದಿಲ್ಲ, ಮಿಶ್ರ ನೆಲಕ್ಕೆ ಬೇಕಾದದ್ದು ಅದೇ ಅಲ್ವಾ. ಟೂ ವೀಲ್ ಡ್ರೈವ್ ಅಗ್ಗ, ಹಗುರ, ಒಳಗೆ ಕೆಡುವ ಭಾಗವೂ ಕಡಿಮೆ. ಗಟ್ಟಿ ನೆಲದಲ್ಲಿ ಅದರ ಬಾಲ ಜಾರಿಸಿ ಓಡಿಸುವುದು ತುಂಬಾ ಚೆನ್ನ. ಹುಲ್ಲಿಗೆ, ಸಡಿಲ ಮರಳಿಗೆ ಬಂದರೆ ಮಾತ್ರ ಮುಂದಿನ ಚಕ್ರ ಸುಮ್ನೆ ನೆಲ ಉಳುತ್ತಾ ಹೋಗುತ್ತದೆ, ಹಿಂದಿನದು ಕೂತಲ್ಲೇ ಗುಂಡಿ ತೋಡುತ್ತದೆ.

ಇನ್ನೂ ದೊಡ್ಡದು ತಗೊಂಡರೆ ಹೇಗೆ? 1/8 ಸ್ಕೇಲಿನ ಆರ್ಮಾ ಕ್ರಾಟನ್, ಅದಕ್ಕಿಂತ ದೊಡ್ಡದಾದ ಟ್ರಾಕ್ಸಾಸ್ ಎಕ್ಸ್-ಮ್ಯಾಕ್ಸ್ ಇವೆಲ್ಲ ಒರಟು ನೆಲದ ಮೇಲೆ ತೇಲಿದಂತೆ ಹೋಗುತ್ತವೆ, ಅದರಲ್ಲಿ ಎರಡು ಮಾತಿಲ್ಲ. ದೊಡ್ಡ ಚಕ್ರಕ್ಕೆ ಅದೇ ಕಲ್ಲು ಚಿಕ್ಕದಾಗುತ್ತದೆ. ಆದರೆ ತೂಕ ಏರಿದ ಹಾಗೆ ಬ್ಯಾಟರಿ, ಟೈರು, ಬಿಡಿಭಾಗ ಎಲ್ಲದರ ಖರ್ಚೂ ಏರುತ್ತದೆ. ಇನ್ನೊಂದು ವಿಷಯವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ವೇಗ ಎರಡು ಪಟ್ಟಾದರೆ ಡಿಕ್ಕಿಯ ಶಕ್ತಿ ನಾಲ್ಕು ಪಟ್ಟು. ಐದು ಕಿಲೋ ಗಾಡಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬಂದು ಯಾರದಾದರೂ ಕಾಲಿಗೆ ಬಡಿದರೆ ಮೂಳೆ ಉಳಿಯುವುದಿಲ್ಲ. ಮಕ್ಕಳು, ನಾಯಿ, ನಡೆದಾಡುವ ಜನ ಇರುವ ಜಾಗವೇ ನಿಮ್ಮದಾದರೆ ದೊಡ್ಡ ಗಾಡಿಯ ಆಸೆ ಬಿಟ್ಟುಬಿಡಿ.

ಡಬ್ಬದ ಮೇಲೆ ಬರೆದಿರುವ ವೇಗದ ಬಗ್ಗೆ ಒಂದು ಮಾತು. ಆ ಅಂಕಿ ಸುಳ್ಳಲ್ಲ, ಆದರೆ ಷರತ್ತು ಅನ್ವಯ. ಸಾಮಾನ್ಯವಾಗಿ ಡಬ್ಬದಲ್ಲಿ ಬೇರೆಯಾಗಿ ಕೊಟ್ಟಿರುವ ದೊಡ್ಡ ಪಿನಿಯನ್ ಗೇರ್ (ಮೋಟಾರ್ ಶಾಫ್ಟಿನ ಮೇಲೆ ಕೂರುವ ಗೇರು) ಹಾಕಿ, ದೊಡ್ಡ ಬ್ಯಾಟರಿ ಕೊಟ್ಟು, ನುಣುಪಾದ ಉದ್ದ ರಸ್ತೆಯಲ್ಲಿ ಓಡಿಸಿದಾಗ ಬರುವ ವೇಗ ಅದು. ಅದೇ ಗೇರಿನಲ್ಲಿ ಹುಲ್ಲಿಗೆ ಇಳಿಸಿದರೆ ಐದು ನಿಮಿಷಕ್ಕೆ ಮೋಟಾರ್ ಮುಟ್ಟಲು ಆಗುವುದಿಲ್ಲ. ಹುಲ್ಲು, ಮರಳು, ಕೆಸರು ಮೂರೂ ಮೋಟಾರನ್ನು ಹಿಂದಕ್ಕೆ ಎಳೆಯುತ್ತವೆ, ಎಳೆದಷ್ಟೂ ಕರೆಂಟ್ ಜಾಸ್ತಿ, ಕರೆಂಟ್ ಜಾಸ್ತಿಯಾದಷ್ಟೂ ಬಿಸಿ. ಮೋಟಾರಿನ ಹೊರಕವಚದ ಬಿಸಿ 80 ಡಿಗ್ರಿ ಸೆಲ್ಸಿಯಸ್ ದಾಟಲು ನಾನು ಬಿಡುವುದಿಲ್ಲ. ಮಿತಿಮೀರಿ ಕಾಯಿಸಿದರೆ ಒಳಗಿನ ಮ್ಯಾಗ್ನೆಟ್ ಸೊರಗುತ್ತದೆ, ಮತ್ತೆ ತಣ್ಣಗಾದರೂ ಹೋದ ಬಲ ವಾಪಸ್ ಬರುವುದಿಲ್ಲ. ಹಾಗಾಗಿ ಹುಲ್ಲು ಜಾಸ್ತಿ ಇರುವ ಕಡೆ ಚಿಕ್ಕ ಪಿನಿಯನ್ನೇ ಸರಿ.

ಬ್ರಶ್ಡ್ ಮೋಟಾರಾ, ಬ್ರಶ್‌ಲೆಸ್ಸಾ ಅನ್ನುವುದಕ್ಕೆ ಈಗ ದೊಡ್ಡ ಚರ್ಚೆ ಬೇಡ. ವೇಗವಾಗಿ ಓಡಿಸುವ ಟ್ರಕ್ಕಿಗೆ ಬ್ರಶ್‌ಲೆಸ್. ಶಕ್ತಿ ಜಾಸ್ತಿ, ಸವೆಯುವ ಬ್ರಶ್ ಇಲ್ಲ. ಕ್ರಾಲರ್‌ಗೆ ಬ್ರಶ್ಡ್ ಇವತ್ತಿಗೂ ಚೆನ್ನಾಗಿದೆ, ಏಕೆಂದರೆ ಸೆನ್ಸರ್ ಇಲ್ಲದ ಬ್ರಶ್‌ಲೆಸ್ ಮೋಟಾರ್ ತೀರಾ ನಿಧಾನ ವೇಗದಲ್ಲಿ ತಡವರಿಸಿ ಕುಟುಕುಟು ಅನ್ನುತ್ತದೆ, ಬಂಡೆ ಮೇಲೆ ಕೂದಲೆಳೆ ಅಂತರದಲ್ಲಿ ಚಕ್ರ ತಿರುಗಿಸಬೇಕಾದಾಗ ಅದು ತುಂಬಾ ಕಾಡುತ್ತದೆ. ಸೆನ್ಸರ್ ಇರುವುದಾದರೆ ಆ ತೊಂದರೆ ಇಲ್ಲ. ಕೆವಿ ಅನ್ನುವ ಅಂಕಿ ನೋಡಿ ತುಂಬಾ ಜನ ಅದನ್ನು ಶಕ್ತಿ ಅಂದುಕೊಳ್ಳುತ್ತಾರೆ. ಅದು ಶಕ್ತಿಯಲ್ಲ, ಭಾರವಿಲ್ಲದಾಗ ಒಂದು ವೋಲ್ಟಿಗೆ ಮೋಟಾರ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಅನ್ನುವ ಲೆಕ್ಕ. 3200 ಕೆವಿ ಮೋಟಾರಿಗೆ 2ಎಸ್ (ಎರಡು ಸೆಲ್ಲಿನ) ಬ್ಯಾಟರಿಯ 7.4 ವೋಲ್ಟ್ ಕೊಟ್ಟರೆ 23,680 ಸುತ್ತು. 3ಎಸ್‌ನ 11.1 ವೋಲ್ಟ್ ಕೊಟ್ಟರೆ 35,520. ಇದರಿಂದ ನನಗೆ ಇಷ್ಟವಾದ ಒಂದು ಉಪಾಯ ಹೊರಡುತ್ತದೆ. 3ಎಸ್ ತಡೆಯುವ ಟ್ರಕ್ ಕೊಳ್ಳಿ, ಮೊದಮೊದಲು 2ಎಸ್ ಹಾಕಿ ಓಡಿಸಿ. ಕೈ ಕುದುರುವವರೆಗೆ ಗಾಡಿ ನಿಮ್ಮ ಮಾತು ಕೇಳುತ್ತದೆ, ಯಾವ ಭಾಗದ ಮೇಲೂ ಪೂರ್ತಿ ಒತ್ತಡ ಬೀಳುವುದಿಲ್ಲ, ಆಮೇಲೆ ಹೊಸ ಗಾಡಿ ಬೇಕು ಅನ್ನಿಸಿದಾಗ ಬರೀ ಬ್ಯಾಟರಿ ಬದಲಿಸಿದರೆ ಆಯಿತು.

ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ವಿಷಯದಲ್ಲಿ ಉಡಾಫೆ ಬೇಡ. ಒಂದು ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. 3 ವೋಲ್ಟಿಗಿಂತ ಕೆಳಗೆ ಇಳಿದರೆ ಸೆಲ್ ಹಾಳು. ಹಾಗೆ ಇಳಿಯದಂತೆ ಸ್ಪೀಡ್ ಕಂಟ್ರೋಲರ್ ಮೊದಲೇ ತಡೆಯುತ್ತದೆ, ಆದರೆ ಅದನ್ನು ಲಿಪೋ ಮೋಡಿನಲ್ಲಿ ಇಟ್ಟಿದ್ದರೆ ಮಾತ್ರ. ಕೆಲವು ಗಾಡಿಗಳು ಡಬ್ಬದಿಂದ ಬರುವಾಗ ನಿಕಲ್ ಬ್ಯಾಟರಿಯ ಮೋಡಿನಲ್ಲಿ ಇರುತ್ತವೆ. ಮೊದಲ ದಿನವೇ ಮ್ಯಾನುಯಲ್ ತೆಗೆದು ಇದೊಂದನ್ನು ನೋಡಿಕೊಳ್ಳಿ. ಚಾರ್ಜ್ ಮಾಡುವುದು ಬ್ಯಾಲೆನ್ಸ್ ಚಾರ್ಜರಿನಲ್ಲಿ, 1ಸಿ ದರದಲ್ಲಿ. 5000 ಎಂಎಎಚ್ ಬ್ಯಾಟರಿಗೆ ಅದು 5 ಆಂಪ್ಸ್. ಕೆಲವು ದಿನ ಓಡಿಸುವುದಿಲ್ಲ ಅಂತಾದರೆ ಸೆಲ್ಲಿಗೆ 3.8 ವೋಲ್ಟ್ ಸುಮಾರಿಗೆ ಇಳಿಸಿ ಇಡಿ, ಚಾರ್ಜರಿನಲ್ಲಿ ಸ್ಟೋರೇಜ್ ಅಂತ ಬಟನ್ ಇರುತ್ತದೆ. ಬ್ಯಾಟರಿ ಕೊಳ್ಳುವ ಮುಂಚೆ ಟ್ರಕ್ಕಿನ ಬ್ಯಾಟರಿ ಟ್ರೇ ಉದ್ದ, ಅಗಲ, ಎತ್ತರ ಮೂರೂ ನೋಡಿ. ಕನೆಕ್ಟರ್ ಕೂಡ. ಒಂದರದ್ದು ಎಕ್ಸ್‌ಟಿ60, ಇನ್ನೊಂದರದ್ದು ಇಸಿ5, ಮತ್ತೊಂದು ಕಂಪನಿಯದ್ದು ತನ್ನದೇ ಬೇರೆ. ಇದರಲ್ಲಿ ಮಾತ್ರ ಈ ಹಾಬಿಯವರು ಒಂದಾಗುವ ಲಕ್ಷಣ ಕಾಣುತ್ತಿಲ್ಲ.

ಟೈರು. ನನ್ನನ್ನು ಕೇಳಿದರೆ ಟ್ರಕ್ಕಿನ ಅರ್ಧ ಗುಣ ಟೈರಿನಲ್ಲೇ ಇದೆ. ಡಬ್ಬದಲ್ಲಿ ಬರುವುದು ಎಲ್ಲಕ್ಕೂ ಸಲ್ಲುವ ಗುಬುಟು ಗುಬುಟಿನ ಟೈರು, ಶುರುವಿಗೆ ಅದೇ ಸಾಕು. ಸಡಿಲ ಮಣ್ಣಿಗೆ ಚೂಪು ಮುಳ್ಳಿನವು ಹಿಡಿತ ಕೊಡುತ್ತವೆ, ಆದರೆ ಡಾಂಬರಿನ ಮೇಲೆ ಓಡಿಸಿದರೆ ಆ ಮುಳ್ಳು ನೋಡನೋಡುತ್ತಿದ್ದಂತೆ ಬೋಳಾಗುತ್ತದೆ. ಮರಳಿಗೆ ಸಲಿಕೆಯಂಥ ಪಟ್ಟಿ ಇರುವ ಪ್ಯಾಡಲ್ ಟೈರು, ಅದು ಬೇರೆ ಎಲ್ಲೂ ಕೆಲಸಕ್ಕೆ ಬಾರದು. ಜೋರಾಗಿ ಥ್ರಾಟಲ್ ಕೊಟ್ಟಾಗ ಟೈರು ಉಬ್ಬಿ ಬಿಲ್ಲೆಯಂತೆ ತೆಳ್ಳಗಾಗುವುದನ್ನು ನೋಡಿರುತ್ತೀರಿ. ರಸ್ತೆಯಲ್ಲಿ ಆಗ ಗಾಡಿ ನೆಟ್ಟಗೆ ಹೋಗುವುದಿಲ್ಲ. ಒಳಗೆ ಪಟ್ಟಿ ಹಾಕಿದ ಬೆಲ್ಟೆಡ್ ಟೈರು ಇದನ್ನು ತಡೆಯುತ್ತದೆ. ರಸ್ತೆ ಜಾಸ್ತಿ ಇದ್ದವರು ಅದನ್ನೇ ತಗೊಳ್ಳಿ. ಇನ್ನು, ಟೈರಿನ ಒಳಗೆ ಗಾಳಿ ಅಲ್ಲ, ಫೋಮ್ ಇರುತ್ತದೆ. ಟೈರಿನಲ್ಲೋ ರಿಮ್ಮಿನಲ್ಲೋ ಇರುವ ಪುಟ್ಟ ತೂತಿನಿಂದ ನೀರು ಒಳಗೆ ಹೋದರೆ ಆ ಫೋಮ್ ಕುಡಿದು ಕೂರುತ್ತದೆ. ನೀರಲ್ಲಿ ಓಡಿಸಿ ಬಂದ ಮೇಲೆ ಚಕ್ರ ಕಳಚಿ ಜೋರಾಗಿ ಜಾಡಿಸಿ. ಚಕ್ರ ಬದಲಿಸುವ ಆಸೆ ಇದ್ದರೆ ಹೆಕ್ಸ್, ಅಂದರೆ ಚಕ್ರ ಕೂರುವ ಆರು ಮೂಲೆಯ ಬಿಲ್ಲೆಯ ಅಳತೆ ನೋಡಿಕೊಳ್ಳಿ. 1/10ರಲ್ಲಿ ಸಾಮಾನ್ಯವಾಗಿ 12 ಅಥವಾ 14 ಮಿಲಿಮೀಟರ್, 1/8ರಲ್ಲಿ 17.

ಡಿಫ್ ಬಗ್ಗೆ ಕೇಳಿದರೆ ಹೊಸಬರು ಮುಖ ಗಂಟು ಹಾಕಿಕೊಳ್ಳುತ್ತಾರೆ. ವಿಷಯ ಸರಳ. ನೀರು ತಗ್ಗಿನ ಕಡೆ ಹರಿದ ಹಾಗೆ, ಡಿಫ್ ಒಳಗೆ ಶಕ್ತಿ ಸುಲಭವಾಗಿ ತಿರುಗುವ ಚಕ್ರದ ಕಡೆ ಹರಿಯುತ್ತದೆ. ಒಂದು ಚಕ್ರ ಗಾಳಿಯಲ್ಲಿ ಎದ್ದರೆ ಅದೇ ಗಿರಗಿರ ತಿರುಗಿ ನೆಲದ ಮೇಲಿರುವ ಚಕ್ರ ಸುಮ್ಮನಿರುತ್ತದೆ. ಇದನ್ನು ತಡೆಯಲು ಡಿಫ್ ಒಳಗೆ ದಪ್ಪ ಸಿಲಿಕೋನ್ ಎಣ್ಣೆ ತುಂಬುತ್ತಾರೆ. 5,000, 10,000, 20,000 ಅಂತ ಬಾಟಲಿ ಮೇಲೆ ಇರುವ ಅಂಕಿ ಅದರ ದಪ್ಪ. ಅಂಕಿ ಏರಿದಷ್ಟೂ ಎರಡು ಚಕ್ರಗಳ ನಡುವಿನ ಹೊಂದಾಣಿಕೆ ಬಿಗಿ. ಬಹಳಷ್ಟು ಕ್ರಾಲರುಗಳಲ್ಲಿ ಪೂರ್ತಿ ಲಾಕ್ ಇರುತ್ತದೆ, ಅದು ಬಂಡೆಗೆ ಸರಿ, ವೇಗದ ತಿರುವಿಗೆ ಅಲ್ಲ. ಮೊದಲ ವರ್ಷ ಎಣ್ಣೆ ಬದಲಿಸಲು ಹೋಗಬೇಡಿ, ಸೋರುತ್ತಿದೆಯಾ ಅಂತ ನೋಡಿಕೊಂಡರೆ ಸಾಕು.

ವಾಟರ್‌ಪ್ರೂಫ್ ಅನ್ನುವ ಪದ ಎಲೆಕ್ಟ್ರಾನಿಕ್ಸಿಗೆ ಮಾತ್ರ ಅಂತ ತಿಳಿದುಕೊಳ್ಳಿ. ರಿಸೀವರ್ ಡಬ್ಬಿಗೆ ರಬ್ಬರ್ ಸೀಲ್ ಇರುತ್ತದೆ, ಸ್ಪೀಡ್ ಕಂಟ್ರೋಲರ್ ಸೀಲ್ ಆಗಿರುತ್ತದೆ, ಸರಿ. ಬೇರಿಂಗಿಗೆ ಯಾರೂ ಅಂಥ ಮಾತು ಕೊಟ್ಟಿಲ್ಲ. ಕೆಸರಲ್ಲಿ ಆಡಿ ಬಂದು ಗಾಡಿಯನ್ನು ಹಾಗೇ ಮೂಲೆಗಿಟ್ಟರೆ ಮುಂದಿನ ವಾರ ಚಕ್ರ ತಿರುಗಿಸಿದಾಗ ಕರಕರ ಅನ್ನುತ್ತದೆ. ಉಪ್ಪು ನೀರಿನ ಹತ್ತಿರವಂತೂ ಹೋಗಲೇ ಬೇಡಿ.

ಈಗ ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು, ಬಿಡಿಭಾಗ. ಟ್ರಕ್ ಒಡೆಯುತ್ತದೆ. ಒಡೆಯದ ಟ್ರಕ್ ಅಂದರೆ ಓಡಿಸದ ಟ್ರಕ್. ದುಡ್ಡು ಕೊಡುವ ಮುಂಚೆ ಆ ಮಾಡೆಲಿನ ಮುಂದಿನ ಕೆಳ ತೋಳು, ಹಿಂಜ್ ಪಿನ್, ಮುಂದಿನ ಹಬ್, ಡ್ರೈವ್ ಶಾಫ್ಟ್, ಸರ್ವೋ, ಸ್ಪರ್ ಗೇರ್ (ಪಿನಿಯನ್ ತಿರುಗಿಸುವ ದೊಡ್ಡ ಗೇರು), ಇಷ್ಟು ನಿಮಗೆ ಸುಲಭವಾಗಿ ಸಿಗುತ್ತವಾ, ಎಷ್ಟು ದಿನಕ್ಕೆ ಕೈ ಸೇರುತ್ತವೆ ಅಂತ ಹುಡುಕಿ. ಕಾಗದದ ಮೇಲೆ ಅದ್ಭುತವಾಗಿ ಕಾಣುವ ಗಾಡಿಯ ಒಂದು ಪಿನ್ನಿಗಾಗಿ ತಿಂಗಳು ಕಾಯುವುದಕ್ಕಿಂತ, ಸಾಧಾರಣ ಗಾಡಿಯನ್ನು ಮರುದಿನವೇ ರಿಪೇರಿ ಮಾಡಿ ಓಡಿಸುವುದು ಮೇಲು. ಎರಡು ಗಾಡಿಗಳ ನಡುವೆ ತೀರ್ಮಾನ ಆಗದಿದ್ದರೆ ಬಿಡಿಭಾಗ ಸಿಗುವುದನ್ನೇ ಆರಿಸಿ. ಅಂದ ಹಾಗೆ, ಮುಂದಿನ ತೋಳು ಒಡೆಯಿತು ಅಂತ ಅಲ್ಯೂಮಿನಿಯಂ ತೋಳು ಹಾಕಲು ಓಡಬೇಡಿ. ಪ್ಲಾಸ್ಟಿಕ್ ತೋಳು ಬಾಗಿ ಪೆಟ್ಟು ನುಂಗುತ್ತದೆ. ಲೋಹದ್ದು ಬಾಗಿದರೆ ಬಾಗಿದಂತೆಯೇ ಉಳಿಯುತ್ತದೆ, ಬಾಗದಿದ್ದರೆ ಪೆಟ್ಟನ್ನು ಒಳಗಿನ ಬಲ್ಕ್‌ಹೆಡ್ಡಿಗೆ (ತೋಳು ಜೋಡಿಸಿರುವ ಗೂಡು) ದಾಟಿಸುತ್ತದೆ, ಆಗ ಒಂದು ತೋಳು ಹೋಗುವ ಕಡೆ ಇಡೀ ಮುಂಭಾಗ ಬಿಚ್ಚಬೇಕು. ಆರ್‌ಪಿಎಂ ಥರದ ಕಂಪನಿಗಳ ನೈಲಾನ್ ತೋಳು ಇದಕ್ಕಿಂತ ಒಳ್ಳೆಯ ದಾರಿ.

ರಿಪೇರಿ ಅಂದರೆ ಹೆದರಬೇಕಾಗಿಲ್ಲ. 1.5, 2, 2.5 ಮಿಲಿಮೀಟರಿನ ಒಳ್ಳೆಯ ಹೆಕ್ಸ್ ಡ್ರೈವರ್ ಇದ್ದರೆ ಬಹುಪಾಲು ಕೆಲಸ ನಡೆಯುತ್ತದೆ. ಡಬ್ಬದಲ್ಲಿ ಬರುವ ಎಲ್ ಆಕಾರದ ಕಡ್ಡಿಯಿಂದ ಸ್ಕ್ರೂ ತಲೆ ಹಾಳಾಗುವುದೇ ಜಾಸ್ತಿ. ಎಲ್ಲರೂ ಕಲಿಯಬೇಕಾದ ಒಂದು ಕೆಲಸ ಅಂದರೆ ಪಿನಿಯನ್ ಮತ್ತು ಸ್ಪರ್ ಗೇರ್ ನಡುವಿನ ಅಂತರ ಹೊಂದಿಸುವುದು. ಮೋಟಾರಿನ ಸ್ಕ್ರೂ ಸಡಿಲಿಸಿ. ನೋಟ್‌ಬುಕ್ಕಿನ ಹಾಳೆಯಿಂದ ಬೆರಳಗಲದ ಪಟ್ಟಿ ಹರಿದು ಎರಡು ಗೇರಿನ ಹಲ್ಲುಗಳ ನಡುವೆ ತೂರಿಸಿ. ಮೋಟಾರನ್ನು ಸ್ಪರ್ ಗೇರಿನ ಕಡೆ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ. ಆಮೇಲೆ ಗೇರನ್ನು ಕೈಯಲ್ಲಿ ತಿರುಗಿಸಿ ಕಾಗದ ಹೊರಗೆ ತೆಗೆಯಿರಿ. ಅದರ ಮೇಲೆ ಹಲ್ಲಿನ ಗುರುತು ಅಂಕುಡೊಂಕಾಗಿ ಒಂದೇ ಸಮನೆ ಬಿದ್ದಿರಬೇಕು, ಹರಿದಿರಬಾರದು. ಈಗ ಸ್ಪರ್ ಗೇರನ್ನು ಬೆರಳಿನಿಂದ ಅಲ್ಲಾಡಿಸಿದರೆ ತುಸುವೇ ತುಸು ಆಟ ಸಿಗಬೇಕು. ಪೂರ್ತಿ ಒಂದು ಸುತ್ತು ತಿರುಗಿಸಿ ಎಲ್ಲ ಕಡೆಯೂ ಹಾಗೇ ಇದೆಯಾ ನೋಡಿ. ಬಿಗಿಯಾದರೆ ಓಡುವಾಗ ಕೀರಲು ದನಿ ಬಂದು ಬಿಸಿಯಾಗುತ್ತದೆ, ಸಡಿಲವಾದರೆ ಮೊದಲ ಜಂಪಿಗೇ ಪ್ಲಾಸ್ಟಿಕ್ ಹಲ್ಲುಗಳು ಪುಡಿಪುಡಿ. ಪಿನಿಯನ್ನಿನ ಚಿಕ್ಕ ಸ್ಕ್ರೂ ಮೋಟಾರ್ ಶಾಫ್ಟಿನ ಚಪ್ಪಟೆ ಭಾಗದ ಮೇಲೆಯೇ ಕೂರಬೇಕು, ಅದಕ್ಕೊಂದು ಹನಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು). ಲೋಹಕ್ಕೆ ಲೋಹ ಸೇರುವ ಕಡೆ ಮಾತ್ರ ಥ್ರೆಡ್‌ಲಾಕ್, ಪ್ಲಾಸ್ಟಿಕ್ಕಿಗೆ ಬೇಡ.

ರೇಡಿಯೋ ಬಗ್ಗೆ ತಲೆ ಕೆಡಿಸಿಕೊಳ್ಳುವ ಕಾಲ ಹೋಯಿತು. ಹಿಂದೆ 27 ಮೆಗಾಹರ್ಟ್ಸ್ ಸೆಟ್ಟುಗಳಲ್ಲಿ ಇಬ್ಬರದು ಒಂದೇ ಕ್ರಿಸ್ಟಲ್ (ಚಾನೆಲ್ ಗೊತ್ತುಮಾಡುವ ಭಾಗ) ಆದರೆ ಒಬ್ಬರ ರಿಮೋಟಿಗೆ ಇನ್ನೊಬ್ಬರ ಗಾಡಿ ಓಡುತ್ತಿತ್ತು. ಈಗ ಎಲ್ಲ 2.4 ಗಿಗಾಹರ್ಟ್ಸ್, ಆ ಜಗಳ ಇಲ್ಲ. ಒಂದು ಅಭ್ಯಾಸ ಮಾತ್ರ ಮಾಡಿಕೊಳ್ಳಿ. ಮೊದಲು ರಿಮೋಟ್ ಆನ್, ಆಮೇಲೆ ಟ್ರಕ್. ನಿಲ್ಲಿಸುವಾಗ ಮೊದಲು ಟ್ರಕ್ ಆಫ್, ಆಮೇಲೆ ರಿಮೋಟ್. ಹೊಸ ಗಾಡಿ ಬಂದಾಗ ಚಕ್ರಗಳನ್ನು ನೆಲದಿಂದ ಎತ್ತಿಟ್ಟು, ಸ್ವಲ್ಪ ಥ್ರಾಟಲ್ ಕೊಟ್ಟು, ಹಾಗೇ ರಿಮೋಟ್ ಆಫ್ ಮಾಡಿ ನೋಡಿ. ಚಕ್ರ ನಿಲ್ಲಬೇಕು. ನಿಲ್ಲದಿದ್ದರೆ ಫೇಲ್‌ಸೇಫ್ (ಸಿಗ್ನಲ್ ಹೋದಾಗ ಗಾಡಿ ನಿಲ್ಲಿಸುವ ವ್ಯವಸ್ಥೆ) ಹೊಂದಿಸುವವರೆಗೆ ಗಾಡಿಯನ್ನು ಹೊರಗೆ ತೆಗೆಯಬೇಡಿ. ಮಕ್ಕಳ ಕೈಗೆ ಕೊಡುವುದಾದರೆ ಥ್ರಾಟಲ್ಲನ್ನು 50 ಪರ್ಸೆಂಟಿಗೆ ಇಳಿಸುವ ಸೌಲಭ್ಯ ಬಹಳಷ್ಟು ಟ್ರಕ್ಕುಗಳಲ್ಲಿ ಇದೆ, ಅದಿದೆಯಾ ಅಂತ ಕೊಳ್ಳುವಾಗಲೇ ನೋಡಿ.

ಸೆಕೆಂಡ್ ಹ್ಯಾಂಡ್ ತಗೊಳ್ಳುವವರಿಗೂ ಎರಡು ಮಾತು. ಬಾಡಿ ಗೀಚಿದೆ, ಬಣ್ಣ ಹೋಗಿದೆ ಅನ್ನುವುದು ಲೆಕ್ಕಕ್ಕಿಲ್ಲ. ಪ್ರತಿ ಚಕ್ರ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ಜಾಸ್ತಿ ಆಟ ಇದ್ದರೆ ಬೇರಿಂಗ್ ಹೋಗಿದೆ. ಮುಂಭಾಗ ಒತ್ತಿ ಬಿಡಿ, ಶಾಕ್ ನಿಧಾನವಾಗಿ ಏಳಬೇಕು, ಟಪ್ ಅಂತ ಎದ್ದರೆ ಒಳಗೆ ಎಣ್ಣೆ ಇಲ್ಲ. ಚಾಸಿಸ್ ಕೆಳಗೆ ಬಿರುಕು ಹುಡುಕಿ, ಮುಖ್ಯವಾಗಿ ಸ್ಕ್ರೂ ತೂತುಗಳ ಸುತ್ತ. ಸ್ಕ್ರೂ ತಲೆಗಳು ಸವೆದು ದುಂಡಗಾಗಿದ್ದರೆ ಮುಂದೆ ನಿಮಗೆ ಕೆಲಸ ಜಾಸ್ತಿ ಅಂತಲೇ ಅರ್ಥ, ಬೆಲೆ ಇಳಿಸಲು ಅದೂ ಒಂದು ಕಾರಣ. ಗಾಡಿ ಜೊತೆ ಫ್ರೀ ಅಂತ ಕೊಡುವ ಹಳೇ ಲಿಪೋ ಸ್ವಲ್ಪ ಉಬ್ಬಿದ್ದರೂ ಅದನ್ನು ಮನೆಗೆ ತರಬೇಡಿ, ಅವರ ಹತ್ತಿರವೇ ಬಿಟ್ಟು ಬನ್ನಿ.